ಒಲೆ ಅಟ್ಟದಲ್ಲಿ ಕೂಗಿದ ಪೆಟ್ಟಿಗೆ

ವನಗೂರಿನ ಕಡೆ ಏಪ್ರಿಲ್ ಬಂತೆಂದರೆ ಯಾರನ್ನು ಮಾತಾಡಿಸಿದರೂ ಒಂದೇ ಮಾತು: ಮಳೆ ಯಾವಾಗ? ಕಾಫಿ ಗಿಡದಲ್ಲಿ ಮೊಗ್ಗು ಕಾದು ಕೂತಿರುತ್ತದೆ. ಹೂಮಳೆ ಬಿದ್ದರೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ, ಬೀಳದಿದ್ದರೆ ಆ ವರ್ಷದ ಫಸಲು ಅಲ್ಲಿಗೇ ಮುಗಿಯಿತು. ಹಾಗಾಗಿ ಚಂದ್ರಶೇಖರ ಆಗಾಗ ಅಂಗಳಕ್ಕೆ ಹೋಗಿ ಆಕಾಶ ನೋಡುತ್ತಿದ್ದ. ಆಕಾಶ ನೋಡುವ ಭರದಲ್ಲಿ ತನ್ನ ಮನೆಯ ಅಟ್ಟದಲ್ಲಿ ಕೂಗಿಕೊಳ್ಳುತ್ತಿದ್ದ ಪೆಟ್ಟಿಗೆಯ ಕಡೆ ಅವನ ಗಮನ ಹರಿಯಲಿಲ್ಲ.

"ಏನ್ರೀ ಅದು, ಬೆಳಿಗ್ಗೆಯಿಂದ ಕೀ ಕೀ ಅಂತ ಬಡ್ಕೊಳ್ತಾ ಐತೆ?" ಎಂದಳು ಹೆಂಡತಿ ಹೇಮಶ್ರೀ.

"ಸೆಖೆಗೆ ಹಂಗೇ ಅದು. ತಾನೇ ಸುಮ್ಕಾಯ್ತದೆ ಬುಡು."

ಅದು ಸುಮ್ಮನಾಗಲಿಲ್ಲ. ಚಂದ್ರಶೇಖರ ಏಣಿ ಹತ್ತಿ, ಅಟ್ಟದಲ್ಲಿದ್ದ ಕಂಬಳಿಯನ್ನು ಮಡಚಿ ಪೆಟ್ಟಿಗೆಯ ಮೇಲೆ ಹೊದಿಸಿ ಇಳಿದುಬಂದ. ಕೂಗು ಕಂಬಳಿಯೊಳಗೆ ಅಡಗಿತು.

"ನೋಡ್ದಾ? ರಿಪೇರಿ ಆಗ್ಬುಡ್ತು" ಎಂದು ಕೈ ಕೊಡವಿದ.

ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿ, ಹೊಟ್ಟೆನೋವು ವಾಸಿಯಾಯಿತು ಅಂದ ಹಾಗೆ!

ಆ ಪೆಟ್ಟಿಗೆ ಏನು ಎಂದು ಮೊದಲೇ ಹೇಳಿಬಿಡಬೇಕು. ಅದು ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ. ಅಂಗಡಿಯವರು ನ್ಯಾಸ್ ಎನ್ನುತ್ತಾರೆ. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ಗಾತ್ರ, ಒಳಗೆ ಎರಡು ಹಾರ್ಡ್ ಡಿಸ್ಕ್, ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ. ಮನೆಯ ವೈಫೈಗೆ ಸೇರಿಸಿಟ್ಟರೆ ಮನೆಮಂದಿಯ ಫೋನಿನಲ್ಲಿರುವ ಫೋಟೊ, ವಿಡಿಯೊ, ಹಾಡು ಎಲ್ಲ ಅದರೊಳಗೆ ಹೋಗಿ ಕೂರುತ್ತವೆ. ಬೇಕಾದಾಗ ಯಾರ ಫೋನಿನಿಂದಾದರೂ ತೆಗೆದು ನೋಡಬಹುದು. ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಕಳ್ಳರು ಬಾಚಿಕೊಂಡು ಹೋದ ವರ್ಷ, ಕಣಕ್ಕೆ ಹಾಕಿಸಿದ ಕ್ಯಾಮೆರಾ ಕಂಡದ್ದೆಲ್ಲ ಉಳಿಯಲಿ ಎಂದು ಚಂದ್ರಶೇಖರ ಇದನ್ನು ತಂದಿದ್ದ. ಬರಬರುತ್ತ ಮನೆಯ ನೆನಪೆಲ್ಲ ಅದರೊಳಗೆ ಸೇರಿತು.

ತಂದದ್ದು ಸರಿ, ಇಟ್ಟದ್ದೆಲ್ಲಿ? ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಅದು. ಬಿತ್ತನೆ ಬೀಜ, ಏಲಕ್ಕಿ, ಒಣಮೀನು, ಹೀಗೆ ಜೋಪಾನ ಮಾಡಬೇಕಾದ್ದೆಲ್ಲ ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಅಜ್ಜಂದಿರ ಕಾಲದ ರೂಢಿ. ಚಂದ್ರಶೇಖರನೂ ಹಾಗೇ ಮಾಡಿದ. ಹಲಗೆಯಲ್ಲಿ ತೂತು ಕೊರೆದು, ವೈರು ಎಳೆದು, ಒಲೆಯ ನೆತ್ತಿಯ ಮೇಲೇ ಪೆಟ್ಟಿಗೆಯನ್ನು ಕೂರಿಸಿದ. ನೆಂಟರಿಷ್ಟರಿಗೆಲ್ಲ ತೋರಿಸಿ ಭೇಷ್ ಅನ್ನಿಸಿಕೊಂಡಿದ್ದ ಕೂಡ.

ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಚಂದ್ರಶೇಖರನ ತಾಯಿ ಗಂಗಾಮಣಮ್ಮ. ಆ ಸೀಮೆಯಲ್ಲಿ ಯಾರ ಮನೆ ಮುಂದೆ ಚಪ್ಪರ ಎದ್ದರೂ ಸೋಬಾನೆ ಹಾಡುವುದಕ್ಕೆ ಮೊದಲು ಕರೆ ಬರುತ್ತಿದ್ದದ್ದು ಅವರಿಗೆ. ಅವರು ಹಾಡಿಗೆ ಕೂತರೆ ಬೀಗರ ಜಗಳವೂ ಅರ್ಧಕ್ಕೆ ನಿಲ್ಲುತ್ತಿತ್ತು. ಹೋದ ವರ್ಷ ಗಂಟಲಿಗೆ ಕಾಯಿಲೆ ಬಂತು. ಡಾಕ್ಟರು ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಅವರು ಯಾರನ್ನಾದರೂ ಕರೆಯಬೇಕಾದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಾರೆ. ಒಂದು ಸಲ ಬಡಿದರೆ ಹೂಂ, ಎರಡು ಸಲ ಬಡಿದರೆ ಊಹೂಂ. ಜೋರಾಗಿ ಬಡಿದುಕೊಂಡೇ ಇದ್ದರೆ ಮಗನಿಗೆ ಬೈಗುಳ.

ಮುಂದಿನ ತಿಂಗಳು ಮೊಮ್ಮಗಳು, ಚಂದ್ರಶೇಖರನ ಮಗಳು ಪೂಜಿತಾಳ ಮದುವೆ. ಊರವರ ಮಕ್ಕಳಿಗೆಲ್ಲ ಹಾಡಿದ ಅಜ್ಜಿಗೆ ಸ್ವಂತ ಮೊಮ್ಮಗಳ ಚಪ್ಪರದಲ್ಲಿ ಬಾಯಿ ಇಲ್ಲ. ಮದುವೆ ಗೊತ್ತಾದ ದಿನ ಅವರು ಹೇಮಶ್ರೀಯ ಫೋನನ್ನು ಮುಟ್ಟಿ, ಪೂಜಿತಾಳನ್ನು ತೋರಿಸಿ, ತಮ್ಮ ಗಂಟಲಿನ ಮೇಲೆ ಕೈ ಇಟ್ಟುಕೊಂಡಿದ್ದರು. ಅರ್ಥವಾಗದವರು ಯಾರು? ಹೇಮಶ್ರೀ ಬಹಳ ಕಾಲದಿಂದ ಅತ್ತೆಯ ಹಾಡುಗಳನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ಬಂದಿದ್ದಳು. ಆ ಫೋನುಗಳು ಒಂದೊಂದಾಗಿ ಕೆಟ್ಟು ಹೋಗಿದ್ದವು. ಹಾಡು ಉಳಿದದ್ದು ಅಟ್ಟದ ಮೇಲಿನ ಆ ಪೆಟ್ಟಿಗೆಯಲ್ಲಿ ಮಾತ್ರ.

ಕಂಬಳಿ ಹೊದಿಸಿದ ಮಾರನೇ ದಿನ ಗಂಗಾಮಣಮ್ಮ ಲೋಟ ಬಡಿದು ಸೊಸೆಯನ್ನು ಕರೆದರು. ಹಾಡು ಹಾಕು ಎಂದು ಸನ್ನೆ ಮಾಡಿದರು. ಹೇಮಶ್ರೀ ಫೋನ್ ತೆಗೆದು ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಇನ್ನೊಂದು ಹಾಡು ಒತ್ತಿದಳು. ಅದೂ ಇಲ್ಲ. ಮೂರನೆಯದು ಗೊರಗೊರ ಎಂದು ಎರಡು ಪದ ಹೇಳಿ ನಿಂತುಹೋಯಿತು.

ಹೇಮಶ್ರೀಗೆ ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. "ನೆಟ್ ಸರಿಯಿಲ್ಲ ಅತ್ತೆಮ್ಮ" ಎಂದು ಸುಳ್ಳು ಹೇಳಿ ಅಂಗಳಕ್ಕೆ ಓಡಿದಳು.

"ರೀ, ನಿಮ್ಮ ಫೋನ್ ಕೊಡಿ ಇಲ್ಲಿ!"

ಅವನ ಫೋನಿನಲ್ಲಿ ಪೆಟ್ಟಿಗೆ ಕಳಿಸಿದ ಎಚ್ಚರಿಕೆಗಳು ಸಾಲುಗಟ್ಟಿ ಕೂತಿದ್ದವು. ಜಾಗ ತುಂಬುತ್ತಾ ಇದೆ. ಬಿಸಿ ಹೆಚ್ಚಾಗಿದೆ. ಒಂದನೇ ಡಿಸ್ಕ್ ಕೆಟ್ಟಿದೆ. ಎರಡನೇ ಡಿಸ್ಕಿನಲ್ಲಿ ದೋಷ.

"ಓ ಅದಾ? ಅದು ದಿನಾ ಬರ್ತೈತೆ" ಎಂದ ಚಂದ್ರಶೇಖರ.

"ದಿನಾ ಬರ್ತೈತೆ ಅಂತ ನೋಡ್ದೇ ಬುಟ್ರಾ?"

"ಯಾಕಿಂಗೆ ಗಾಬ್ರಿ ಬೀಳ್ತೀಯ ಮಾರಾಯ್ತಿ? ಒಂದು ಹೋದ್ರೆ ಇರ್ಲಿ ಅಂತಲೇ ಎರಡು ಡಿಸ್ಕ್ ಹಾಕಿರೋದು. ಕೆಟ್ಟಿರೋದನ್ನ ಕಿತ್ತು, ಒರೆಸಿ, ತಿರುಗಾ ಹಾಕಿದ್ರೆ ಆಯ್ತು. ಪಂಪ್‌ಸೆಟ್ಟಿನ ಸ್ಟಾರ್ಟರ್ ನಾನೇ ರಿಪೇರಿ ಮಾಡಲ್ವಾ?"

ಸ್ಕ್ರೂಡ್ರೈವರ್ ಹಿಡಿದು ಏಣಿ ಹತ್ತಿಯೇಬಿಟ್ಟ. ಹೇಮಶ್ರೀಗೆ ತಡೆಯಲಾಗಲಿಲ್ಲ. ತನ್ನ ಗೆಳತಿ ಆಶಾಳಿಗೆ ಫೋನ್ ಮಾಡಿದಳು. ಇಬ್ಬರೂ ಆಲೂರಿನ ಕಡೆಯವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಶಾ ಈಗ ಸಕಲೇಶಪುರದಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಾಳೆ. ತಾಲ್ಲೂಕಿನ ಅರ್ಧ ಮದುವೆಗಳ ವಿಡಿಯೊ ಅವಳ ಸ್ಟುಡಿಯೊದ ಇಂಥದೇ ಪೆಟ್ಟಿಗೆಗಳಲ್ಲಿವೆ. ಮನಸ್ಸು ಒಳ್ಳೆಯದು, ನಾಲಿಗೆ ಮಾತ್ರ ಗಾಂಧಾರಿ ಮೆಣಸಿನಕಾಯಿ.

ವಿಷಯ ಕೇಳಿದ ಆಶಾ ಸ್ಪೀಕರ್ ಹಾಕಿಸಿದಳು. "ಭಾವ, ಯಾವುದಕ್ಕೆ ಕೈ ಹಾಕಿದ್ದೀರಿ ಈಗ?"

"ಒಂದು ಕೆಂಪಗೆ ಸುಮ್ನೆ ಕೂತೈತೆ. ಇನ್ನೊಂದು ಹಸ್ರು ಲೈಟು ಮಿಟುಕಿಸ್ತಾ ಒದ್ದಾಡ್ತಾ ಐತೆ. ಅದನ್ನ ಎಳೀತಾ ಇವ್ನಿ."

"ಅಯ್ಯೋ, ಕೈ ತೆಗೀರಿ ಭಾವ! ಮಿಟುಕಿಸ್ತಾ ಇರೋದು ಬದುಕಿರೋದು ಕಣ್ರೀ! ಸತ್ತಿರೋದು ಕೆಂಪಂದು. ಉಸಿರಾಡೋದನ್ನ ಕಿತ್ತು ಬುಟ್ರೆ ಎಲ್ಲಾ ಹೋಯ್ತದೆ!"

ಏಣಿಯ ಮೇಲೆ ಚಂದ್ರಶೇಖರ ಕಲ್ಲಾಗಿ ನಿಂತ. ಡಿಸ್ಕ್ ಆಗಲೇ ಅವನ ಬೆರಳಿಗೆ ಸಿಕ್ಕಿತ್ತು. ಕೆಳಗೆ ನಿಂತಿದ್ದ ಹೇಮಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

"ಕಂಬಳಿ ತೆಗೀರಿ. ಆಫ್ ಮಾಡ್ಬೇಡಿ. ಅಲ್ಲಾಡಿಸ್ಬೇಡಿ. ನಾನು ಬರೋಗಂಟ ಅದ್ರ ಹತ್ರಕ್ಕೆ ಹೋಗ್ಬೇಡಿ" ಎಂದು ಆಶಾ ಫೋನ್ ಇಟ್ಟಳು.

ವನಗೂರಿನ ಏರು ಹತ್ತಿ ಅವಳ ಜೀಪು ಅಂಗಳಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನ. ಪಡುವಣ ಗುಡ್ಡದ ಮೇಲೆ ಮೋಡ ಕಪ್ಪಗೆ ಕಟ್ಟುತ್ತಿತ್ತು. ಗಾಳಿ ನಿಂತು ಹೋಗಿತ್ತು. ಆಶಾ ಒಂದು ಲ್ಯಾಪ್‌ಟಾಪು, ಹೊಸ ಡಿಸ್ಕು, ಕರೆಂಟು ಹೋದರೂ ಬ್ಯಾಟರಿಯಿಂದ ನಡೆಸುವ ಸ್ಟುಡಿಯೊದ ಒಂದು ಯುಪಿಎಸ್ ಹೊತ್ತುಕೊಂಡು ಒಳಗೆ ಬಂದವಳು ಅಟ್ಟ ನೋಡಿ ಹಣೆ ಚಚ್ಚಿಕೊಂಡಳು.

"ಭಾವ, ಇದೇನು ಪೆಟ್ಟಿಗೆನಾ, ಒಣಮೀನಾ? ಕೆಳಗೆ ಒಲೆ, ಮೇಲೆ ಕಂಬಳಿ! ಬಿಸಿ ಅಂದ್ರೆ ಡಿಸ್ಕಿಗೆ ಜ್ವರ ಇದ್ದಂಗೆ. ಇಷ್ಟು ವರ್ಷ ಹೆಂಗೆ ಬದುಕ್ತೋ ಏನೋ."

"ಥಂಡಿ ಹಿಡೀಬಾರ್ದು ಅಂತ ಇಟ್ಟೆ ಕಣಮ್ಮ. ಇಲ್ಲಿ ಮಳೆಗಾಲ ನಿಂಗೊತ್ತಿಲ್ವಾ? ಈಗ ಇಳಿಸ್ಬುಡಾಣ್ವಾ?"

"ಬ್ಯಾಡ. ಬಿಸಿಯಾಗಿರೋ ಹಳೇ ಡಿಸ್ಕು, ಒಂದು ಸಲ ನಿಲ್ಲಿಸಿದ್ರೆ ಮತ್ತೆ ತಿರುಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಓಡ್ತಾ ಇರೋ ಡಿಸ್ಕನ್ನ ಎತ್ತಿ ಸಾಗಿಸೋದೂ ತಪ್ಪು. ಇದ್ದಲ್ಲೇ ತಣ್ಣಗೆ ಮಾಡಿ, ಇರೋದನ್ನ ಈಗಲೇ ಹೊರಗೆ ತೆಗೀಬೇಕು. ಮೊದ್ಲು ಒಲೆ ಆರ್ಸಿ."

ಹೇಮಶ್ರೀ ಅಳುಕಿದಳು. ಮದುವೆ ಮನೆ. ಶಾಸ್ತ್ರದ ದಿನಗಳು ಹತ್ತಿರವಾಗಿವೆ. ಹಗಲು ಹೊತ್ತಿನಲ್ಲಿ ಒಲೆ ಆರಿಸುವುದೆಂದರೆ ಅಪಶಕುನವಲ್ಲವೇ? ಅವಳು ಅತ್ತೆಯ ಕಡೆ ನೋಡಿದಳು. ಗಂಗಾಮಣಮ್ಮನಿಗೆ ಅಷ್ಟು ಹೊತ್ತಿಗೆ ಎಲ್ಲ ತಿಳಿದುಹೋಗಿತ್ತು. ನೆಟ್ಟಿನ ಸುಳ್ಳೂ ತಿಳಿದಿತ್ತು. ಅವರು ಎದ್ದು ಬಂದು, ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ಹಿತ್ತಲಿಗೆ ಒಯ್ದು ಹಾಕಿದರು. ಕೆಂಡವನ್ನು ಬೂದಿಯಲ್ಲಿ ಮುಚ್ಚಿ, ಮಗನ ಕಡೆ ತಿರುಗಿ ಲೋಟವನ್ನು ಒಂದೇ ಸಮ ಬಡಿದರು. ಚಂದ್ರಶೇಖರ ತಲೆ ತಗ್ಗಿಸಿದ.

ಟೇಬಲ್ ಫ್ಯಾನನ್ನು ಅಟ್ಟಕ್ಕೆ ಏರಿಸಿದರು. ಆಶಾ ಪೆಟ್ಟಿಗೆಯ ವೈರನ್ನು ಲ್ಯಾಪ್‌ಟಾಪಿಗೆ ಹಾಕಿ, ಲ್ಯಾಪ್‌ಟಾಪಿಗೆ ತಾನು ತಂದ ಹೊಸ ಡಿಸ್ಕ್ ಸೇರಿಸಿದಳು. ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರು ಗೋಡೆಯಲ್ಲಿತ್ತು. ಅದನ್ನು ಕಿತ್ತು ಯುಪಿಎಸ್ಸಿಗೆ ಹಾಕಬೇಕೆಂದರೆ ಪೆಟ್ಟಿಗೆ ಒಂದು ಕ್ಷಣ ನಿಲ್ಲಲೇಬೇಕು. ಹಾಗೇ ಬಿಟ್ಟರೆ ಮಳೆ ಬಂದು ಕರೆಂಟು ಹೋದಾಗ ಹೇಗೂ ನಿಲ್ಲುತ್ತದೆ.

"ಏನ್ಮಾಡ್ಲಿ ಹೇಮ?" ಎಂದಳು ಆಶಾ. ಅವಳ ದನಿಯಲ್ಲಿ ಮೊದಲ ಸಲ ಅಳುಕು ಕಂಡಿತು. "ಹಾಡಷ್ಟನ್ನಾದ್ರೂ ಮೊದ್ಲು ತೆಗ್ದು, ಆಮೇಲೆ ನೋಡಾಣ್ವಾ?"

ಚಂದ್ರಶೇಖರ ಬಾಯಿ ಹಾಕಿದ. "ತೋಟದ ಪತ್ರ ಎಲ್ಲಾ ಸ್ಕ್ಯಾನ್ ಮಾಡಿಸಿ ಅದ್ರಲ್ಲೇ ಇಟ್ಟಿವ್ನಿ. ಮೊದ್ಲು ಅದು ತೆಗಿ."

"ಅಸಲು ಪತ್ರ ಎಲ್ಲೈತೆ?"

"ಬೀರುನಾಗೆ."

"ಹಂಗಾರೆ ಅದು ಆಮೇಲೆ. ಬೇರೆಲ್ಲೂ ಸಿಗದೇ ಇರೋದು ಮೊದ್ಲು ಹೊರಗೆ ಬರ್ಬೇಕು. ಅಮ್ಮನ ದನಿ ಯಾವ ಬೀರುನಾಗೈತೆ ಭಾವ?"

ಅವನು ಹಿಂದಕ್ಕೆ ಸರಿದು ನಿಂತ.

ಹಾಡುಗಳು ಒಂದೊಂದಾಗಿ ಬರತೊಡಗಿದವು. ಚಪ್ಪರದ ಹಾಡು ಬಂತು. ಅರಿಶಿನದ ಹಾಡು ಬಂತು. ಒಂದೊಂದಕ್ಕೂ ಆ ಹಳೇ ಡಿಸ್ಕು ಕಟಕಟ ಹಲ್ಲು ಕಡಿಯುತ್ತಿತ್ತು. ಪರದೆಯ ಮೇಲಿನ ನೀಲಿ ಗೆರೆ ಸ್ವಲ್ಪ ಸರಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಸರಿಯುತ್ತಿತ್ತು. ಹೇಮಶ್ರೀ ಆ ಗೆರೆಯಿಂದ ಕಣ್ಣು ಕೀಳಲಿಲ್ಲ.

ಗುಡ್ಡದಾಚೆ ಗುಡುಗು ಉರುಳಿತು.

ರಸ್ತೆಯಲ್ಲಿ ಪಕ್ಕದ ತೋಟದ ಗುರು ಬೈಕ್ ನಿಲ್ಲಿಸಿ, "ಚಂದ್ರಣ್ಣೋ! ಬಿಸಿಲೆ ಘಾಟಿ ಕಡೆ ಹುಯ್ತಾ ಐತಂತೆ! ಹೂಮಳೆ ಬಂದೇಬುಡ್ತು ಕಣಣ್ಣೋ!" ಎಂದು ಕುಣಿದಾಡುವ ದನಿಯಲ್ಲಿ ಕೂಗಿದ. ಸೀಮೆಗೆ ಸೀಮೆಯೇ ಕಾದು ಕೂತ ಮಳೆ. ಆದರೆ ಹೇಮಶ್ರೀ ದೇವರ ಗೂಡಿನ ಕಡೆ ತಿರುಗಿ, 'ಈಗ ಬೇಡ, ಇನ್ನೊಂಚೂರು ತಡಿಯಪ್ಪ' ಎಂದು ಕೈ ಮುಗಿದಳು. ಬೆಳೆಗಾರರ ಮನೆ ಸೊಸೆ ಹೂಮಳೆಯನ್ನು ತಡಿ ಎಂದು ಬೇಡಿಕೊಳ್ಳುವುದೇ! ಅವಳಿಗೇ ನಾಚಿಕೆಯಾಯಿತು. ಆದರೂ ಕೈ ಇಳಿಸಲಿಲ್ಲ.

ಮಿಂಚು ಕಿಟಕಿಯನ್ನು ಬೆಳಗಿತು. "ವೈಫೈಗೆ ಹೊರಗಿಂದ ಬರೋ ವೈರ್ ಕಿತ್ತಾಕಿ ಭಾವ! ಸಿಡಿಲು ಅದ್ರೊಳಗಿಂದಲೂ ಬರ್ತೈತೆ" ಎಂದಳು ಆಶಾ. ಅವನು ಓಡಿಹೋಗಿ ಕಿತ್ತ. ಗೋಡೆಯಲ್ಲಿದ್ದ ಅಡಾಪ್ಟರಿನ ಮುಂದೆ ಬಂದು ನಿಂತ. ಕಿತ್ತರೆ ಪೆಟ್ಟಿಗೆ ನಿಲ್ಲುತ್ತದೆ. ಕೀಳದಿದ್ದರೆ, ಸಿಡಿಲು ಲೈನಿಗೆ ಬಡಿದರೆ ಪೆಟ್ಟಿಗೆಯೂ ಸುಡುತ್ತದೆ, ಅದರ ಬಾಲ ಹಿಡಿದ ಲ್ಯಾಪ್‌ಟಾಪೂ ಹೊಸ ಡಿಸ್ಕೂ ಸುಡುತ್ತವೆ.

"ಎಷ್ಟು ಉಳಿದೈತೆ?" ಎಂದ.

"ಕೊನೇದು ಒಂದು. ಹೆಣ್ಣೊಪ್ಪಿಸೋ ಹಾಡು."

ಗಂಗಾಮಣಮ್ಮನ ಕೈಯಲ್ಲಿದ್ದ ಚಮಚ ಅಲುಗಲಿಲ್ಲ. ಧಾರೆಯಾದ ಮೇಲೆ ಹೆಣ್ಣನ್ನು ಗಂಡಿನ ಮನೆಯವರ ಕೈಗೆ ಕೊಡುವಾಗ ಹಾಡುವ ಹಾಡು ಅದು. ಅದನ್ನು ಕೇಳಿ ಅಳದ ತಾಯಿಯನ್ನು ಆ ಸೀಮೆ ಕಂಡಿಲ್ಲ.

ನೀಲಿ ಗೆರೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಕರೆಂಟೇ ಹೋಯಿತು. ಫ್ಯಾನು ನಿಂತಿತು. ಅಟ್ಟದ ಮೇಲಿನ ಹಸಿರು ದೀಪ ಆರಿತು. ಚಂದ್ರಶೇಖರ ಅಡಾಪ್ಟರು ಕಿತ್ತು ಯುಪಿಎಸ್ಸಿಗೆ ಹಾಕಿದ. ಪೆಟ್ಟಿಗೆ ಒಮ್ಮೆ ಗುಂಯ್ ಎಂದಿತು. ಒಳಗೆ ಏನೋ ಟಕ್, ಟಕ್, ಟಕ್ ಎಂದು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಎಷ್ಟು ಸಲ ಪ್ರಯತ್ನಿಸಿದರೂ ಎರಡೂ ದೀಪ ಕೆಂಪಗೇ ಇದ್ದವು.

ಹೆಂಚಿನ ಮೇಲೆ ಮಳೆ ಧೋ ಎಂದು ಸುರಿಯಿತು. ಆ ವರ್ಷದ ಮೊದಲ ಹೂಮಳೆ. ಆ ಮನೆಯಲ್ಲಿ ಯಾರೂ ಅಂಗಳಕ್ಕೆ ಹೋಗಲಿಲ್ಲ.

ಆಶಾ ಲ್ಯಾಪ್‌ಟಾಪಿನಲ್ಲಿ ಹಾಡುಗಳನ್ನು ಒಂದೊಂದಾಗಿ ಹಾಕಿ ನೋಡಿದಳು. "ಕಾಪಿ ಆಯ್ತು ಅಂದ್ಕೊಂಡು ಸುಮ್ನಿರಬಾರ್ದು. ತೆಗ್ದು ಕೇಳ್ಬೇಕು, ಆಗಲೇ ನಂಬಬೇಕು" ಎಂದಳು. ಮಳೆಯ ಸದ್ದಿನ ನಡುವೆ ಗಂಗಾಮಣಮ್ಮನ ಹಳೆಯ ದನಿ ಮನೆಯೊಳಗೆ ಹರಡಿತು. ಗಟ್ಟಿ ದನಿ. ನಡುವೆ ಯಾರನ್ನೋ ಗದರಿಸಿ ಮತ್ತೆ ಹಾಡಿಗೆ ಹೊರಳುವ ದನಿ. ಕೊನೆಯ ಹಾಡು ಮಾತ್ರ ಅರ್ಧಕ್ಕೆ ತುಂಡಾಗಿತ್ತು.

ಚಂದ್ರಶೇಖರ ತಾಯಿಯ ಕಾಲ ಬಳಿ ಕೂತುಬಿಟ್ಟ. "ಅವ್ವಾ, ಅದು ಕೂಗ್ತಾನೇ ಇತ್ತು. ನಾನೇ ಬಾಯಿ ಮುಚ್ಚಿಸ್ಬುಟ್ಟೆ" ಎಂದು ಬಿಕ್ಕಿದ. ಪೂಜಿತಾಳ ಬಾಲ್ಯದ ಫೋಟೊಗಳು, ಚಂದ್ರಶೇಖರನ ತಂದೆಯ ಕೊನೆಯ ವರ್ಷದ ವಿಡಿಯೊ, ಎಲ್ಲ ಆ ಪೆಟ್ಟಿಗೆಯೊಳಗೇ ಉಳಿದಿದ್ದವು. ಗಂಗಾಮಣಮ್ಮ ಮಗನ ತಲೆ ಮೇಲೆ ಕೈ ಇಟ್ಟರು. ಲೋಟ ಬಡಿಯಲಿಲ್ಲ.

"ಡಾಟಾ ತೆಗೆಯೋ ಲ್ಯಾಬಿಗೆ ಕಳಿಸಿ ನೋಡಾಣ. ಖರ್ಚು ಜಾಸ್ತಿ, ಸಿಕ್ಕೇ ಸಿಗ್ತೈತೆ ಅಂತ ಹೇಳಾಕಾಗಲ್ಲ" ಎಂದಳು ಆಶಾ. ಕಳಿಸಿದರು. ಕೆಲವು ಫೋಟೊ ಸಿಕ್ಕವು. ಹಾಡಿನ ಉಳಿದರ್ಧ ಸಿಗಲಿಲ್ಲ.

ಮಳೆ ನಿಂತು ತೋಟ ಬೆಳ್ಳಗೆ ಅರಳಿದ ಮೇಲೆ ಗಂಡಹೆಂಡತಿ ಆಶಾಳ ಸ್ಟುಡಿಯೊಗೆ ಹೋದರು.

"ಅಲ್ಲ ಆಶಾ, ಎರಡು ಡಿಸ್ಕ್ ಇದ್ದೂ ಹಿಂಗಾಯ್ತಲ್ಲ?" ಚಂದ್ರಶೇಖರನಿಗೆ ಅದೇ ಕೊರೆಯುತ್ತಿತ್ತು.

"ಎರಡೂ ಒಂದೇ ಪೆಟ್ಟಿಗೆನಾಗೆ, ಒಂದೇ ಬಿಸಿನಾಗೆ, ಒಂದೇ ಕರೆಂಟಿನಾಗೆ ಇದ್ವಲ್ಲ ಭಾವ. ಒಂದು ಕೆಟ್ಟ ದಿನ ಇನ್ನೊಂದು ಕೆಲಸ ನಿಲ್ಲದಂಗೆ ನೋಡ್ಕೊಳ್ತೈತೆ, ಅಷ್ಟೇ. ಅಷ್ಟರಲ್ಲಿ ಕೆಟ್ಟಿದ್ದನ್ನ ಬದಲಾಯಿಸ್ಬೇಕು. ನೀವೇ ತಪ್ಪಿ ಅಳಿಸಿದ್ರೆ ಎರಡರಾಗೂ ಅಳಿಸಿಹೋಯ್ತದೆ. ಸಿಡಿಲು ಬಡಿದ್ರೆ ಎರಡೂ ಹೋಯ್ತವೆ. ಹೂಮಳೆ ಒಂದು ಬಂತು ಅಂತ ಕೈಕಟ್ಟಿ ಕೂರ್ತೀರಾ ನೀವು? ಬ್ಯಾಕಿಂಗ್ ಮಳೆ ಬರ್ದೇ ಇದ್ರೆ ಹೂವು ಕಾಯಿ ಕಚ್ಚುತ್ತಾ?"

ಹೂಮಳೆಯಾದ ಮೇಲೆ ಇನ್ನೊಂದು ಮಳೆ ಬರದಿದ್ದರೆ ಅರಳಿದ್ದೆಲ್ಲ ಕರಕಲಾಗುತ್ತದೆ ಎಂದು ಬೆಳೆಗಾರನಿಗೆ ಹೇಳಿಕೊಡಬೇಕೇ? ಚಂದ್ರಶೇಖರ ತಲೆ ಆಡಿಸಿದ.

"ಹಂಗಾರೆ ಅಂಗಡೀಲಿ ಇರೋದ್ರಲ್ಲಿ ದೊಡ್ಡದು ಕೊಡ್ಸು."

"ಶುರು ಮಾಡ್ಕೊಂಡ್ರಾ? ದೊಡ್ಡದಲ್ಲ, ತಕ್ಕದ್ದು. ಈಗ ಎಷ್ಟು ತುಂಬಿತ್ತು, ವರ್ಷಕ್ಕೆ ಎಷ್ಟು ಸೇರ್ತೈತೆ, ನಾಲ್ಕೈದು ವರ್ಷಕ್ಕೆ ಎಷ್ಟು ಬೇಕು ಅಂತ ನೋಡಿ ತಗೊಳ್ಳಿ. ಮನೆ ಮಟ್ಟಿಗೆ ಎರಡು ಡಿಸ್ಕಿನ ಪೆಟ್ಟಿಗೆ ಸಾಕು. ಕಣದ ಕ್ಯಾಮೆರಾಕ್ಕೆ ಬೇರೆ ರೆಕಾರ್ಡರ್ ಹಾಕ್ಸಿ. ಅದು ಹಗಲೂ ರಾತ್ರಿ ಬರ್ಕೊಂಡು ಬರ್ಕೊಂಡು ನಿಮ್ಮ ಫೋಟೊ ಜಾಗನೆಲ್ಲ ತಿಂದುಹಾಕಿತ್ತು."

"ಡಿಸ್ಕು ಯಾವುದಾದ್ರೂ ಆಯ್ತದಾ?" ಹೇಮಶ್ರೀ ಕೇಳಿದಳು.

"ಇಲ್ಲ ಕಣೆ. ಯಾವಾಗ್ಲೂ ಓಡ್ತಾ ಇರೋ ಪೆಟ್ಟಿಗೆಗೆ ಅಂತಲೇ ಮಾಡಿರೋ ಡಿಸ್ಕ್ ಬರ್ತವೆ. ಅವನ್ನೇ ಕೇಳ್ಬೇಕು. ಆ ಪೆಟ್ಟಿಗೆಗೆ ಹೊಂದುತ್ತಾ ಅಂತ ಕಂಪನಿಯವರ ಪಟ್ಟಿನಾಗೆ ನೋಡ್ಬೇಕು. ಕಂಪನಿ ಇನ್ನೂ ಅಪ್‌ಡೇಟ್ ಕೊಡ್ತಾ ಐತಾ ಅದನ್ನೂ ನೋಡು. ಅಪ್‌ಡೇಟ್ ನಿಂತಿರೋ ಹಳೇ ಮಾಡೆಲ್ಲು ಅಗ್ಗಕ್ಕೆ ಸಿಗ್ತು ಅಂತ ತಂದ್ರೆ ಬಾಗಿಲಿಗೆ ಚಿಲಕ ಇಲ್ದಂಗೆ. ಜೊತೆಗೆ ಬಂದಿರೋ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸು."

"ಮುಂದೆ ಇದೂ ತುಂಬಿದ್ರೆ? ಪೆಟ್ಟಿಗೆನೇ ಎಸೆಯೋದಾ?" ಎಂದ ಚಂದ್ರಶೇಖರ.

"ಬ್ಯಾಡ. ಮೊದ್ಲು ಎಲ್ಲಾದನ್ನೂ ಹೊರಗಿನ ಡಿಸ್ಕಿಗೆ ಕಾಪಿ ತಗೊಳ್ಳಿ. ಆಮೇಲೆ ಒಂದು ಡಿಸ್ಕ್ ತೆಗ್ದು ದೊಡ್ಡದು ಹಾಕಿ. ಹಳೇದರಲ್ಲಿ ಇರೋದೆಲ್ಲ ಹೊಸದಕ್ಕೆ ಇಳೀತೈತೆ. ಪೂರ್ತಿ ಆಯ್ತು ಅಂತ ಪೆಟ್ಟಿಗೆ ಹೇಳೋಗಂಟ ಎರಡನೇದನ್ನ ಮುಟ್ಟಂಗಿಲ್ಲ. ಒಂದು ಹೊತ್ತು, ಕೆಲವು ಸಲ ದಿನಗಟ್ಲೆ ಹಿಡೀತೈತೆ. ಆಮೇಲೆ ಇನ್ನೊಂದು ಬದಲಾಯಿಸಿ. ಅವಸರ ಮಾಡಿದ್ರೆ ಮೊನ್ನೆ ಏಣಿ ಹತ್ತಿದ್ರಲ್ಲ, ಅದೇ ಕಥೆ."

ಹೊಸ ಪೆಟ್ಟಿಗೆ ಬಂತು. ಈ ಸಲ ಅದನ್ನು ಕೂರಿಸಿದ್ದು ಹಜಾರದಲ್ಲಿ, ಥಂಡಿ ಹಿಡಿಯುವ ಗೋಡೆಯಿಂದ ಒಂದಿಷ್ಟು ದೂರ, ಗಾಳಿಯಾಡುವ ಕಡೆ. ಸದಾ ಓಡುವ ಪೆಟ್ಟಿಗೆ ತನ್ನ ಬಿಸಿಗೆ ತಾನೇ ಒಣಗಿರುತ್ತದೆ, ಅದಕ್ಕೆ ಒಲೆ ಬೇಡ. ಪಕ್ಕದಲ್ಲೇ ಯುಪಿಎಸ್. ಕರೆಂಟು ಹೋಗಿ ಬ್ಯಾಟರಿ ಇಳಿದರೆ ಪೆಟ್ಟಿಗೆ ಕ್ರಮವಾಗಿ ತಾನೇ ಮುಚ್ಚಿಕೊಳ್ಳುವ ಹಾಗೆ ಆಶಾ ಜೋಡಿಸಿಕೊಟ್ಟಳು. ಅಜ್ಜಿಯ ಹಾಡುಗಳನ್ನು ಮಾತ್ರ ಕ್ಲೌಡಿಗೂ ಏರಿಸಿದರು. ಎಲ್ಲವನ್ನೂ ಏರಿಸಲು ವನಗೂರಿನ ನೆಟ್ಟು ಕೇಳಬೇಕಲ್ಲ!

"ಇನ್ನೊಂದು ಕಾಪಿ ಹೊರಗಿನ ಡಿಸ್ಕಿನಾಗೆ, ಬೇರೆ ಮನೇಲಿ ಇರ್ಬೇಕು" ಎಂದಳು ಆಶಾ. "ಯಾರ ಮನೇಲಿ ಇಡ್ತೀರಾ?"

ಹೇಮಶ್ರೀ ಯೋಚಿಸುತ್ತಿದ್ದಳು. ಲೋಟದ ಸದ್ದು ಕೇಳಿತು. ಗಂಗಾಮಣಮ್ಮ ಆ ಪುಟ್ಟ ಡಿಸ್ಕನ್ನು ಎತ್ತಿಕೊಂಡು ಹೋಗಿ, ಪೂಜಿತಾಳಿಗೆಂದು ತೆರೆದಿಟ್ಟಿದ್ದ ಮದುವೆಯ ಟ್ರಂಕಿನಲ್ಲಿ, ಧಾರೆ ಸೀರೆಯ ಪಕ್ಕ ಇಟ್ಟರು. ಚಮಚದಿಂದ ಒಂದೇ ಸಲ ಬಡಿದರು. ಹೂಂ.

ಮದುವೆಯ ದಿನ ಚಪ್ಪರದ ಕೆಳಗೆ ಅಜ್ಜಿಯ ದನಿ ಕೇಳಿದಾಗ ಊಟಕ್ಕೆ ಎದ್ದವರೂ ಮತ್ತೆ ಕೂತರು. ಧಾರೆ ಮುಗಿಯಿತು. ಹೆಣ್ಣೊಪ್ಪಿಸುವ ಹೊತ್ತು ಬಂತು. ಆಶಾ ಕೊನೆಯ ಹಾಡು ಹಾಕಿದಳು.

*ಹಾಲುಂಡ ಮನೆಯೊಂದು, ಹೂಮುಡಿವ ಮನೆಯೊಂದು,*
*ಎರಡೂ ಮನೆದೀಪ ನೀನವ್ವ...*

ಅಲ್ಲಿಗೆ ಹಾಡು ತುಂಡಾಯಿತು. ಗಂಗಾಮಣಮ್ಮನ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಅವರು ಪಕ್ಕದಲ್ಲಿ ನಿಂತಿದ್ದ ಸೊಸೆಯ ಕೈ ಹಿಡಿದು, ಅವಳ ಅಂಗೈ ಮೇಲೆ ತಾಳ ತಟ್ಟತೊಡಗಿದರು. ಹೇಮಶ್ರೀ ಒಮ್ಮೆಯೂ ನಾಲ್ಕು ಜನರ ಮುಂದೆ ಹಾಡಿದವಳಲ್ಲ. ಆದರೆ ಅಡುಗೆಮನೆಯಲ್ಲಿ ನಿಂತು ಈ ಹಾಡನ್ನು ಎಷ್ಟು ಸಲ ಕೇಳಿದ್ದಳೋ! ತುಂಡಾದ ಕಡೆಯಿಂದಲೇ ಎತ್ತಿಕೊಂಡಳು:

*ಎಣ್ಣೆ ಆರದಂಗೆ ಉರಿಯವ್ವ, ಸೋಬಾನೆ...*

ಹೆಂಗಸರೆಲ್ಲ ದನಿ ಸೇರಿಸಿದರು. ಪೂಜಿತಾ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಅಂದು ಸಂಜೆ ಆಲೂರಿನ ಗಂಡನ ಮನೆಗೆ ಹೊರಟ ಟ್ರಂಕಿನಲ್ಲಿ ಅಜ್ಜಿಯ ದನಿಯೂ ಹೋಯಿತು. ಈಗ ಗೌರಿಹಬ್ಬಕ್ಕೋ ದೀಪಾವಳಿಗೋ ತವರಿಗೆ ಬಂದಾಗಲೆಲ್ಲ ಪೂಜಿತಾ ಆ ಡಿಸ್ಕ್ ತರುತ್ತಾಳೆ, ಹೊಸದೇನಿದ್ದರೂ ತುಂಬಿಸಿಕೊಳ್ಳುತ್ತಾಳೆ, ಒಂದು ಹಾಡು ಹಾಕಿ ಕೇಳಿ ನೋಡಿ, ತಿರುಗಿ ಒಯ್ಯುತ್ತಾಳೆ. ಆ ದಿನ ಹೇಮಶ್ರೀ ಹಾಡಿ ಮುಗಿಸಿದ್ದೂ ಅದರಲ್ಲಿದೆ. ಚಂದ್ರಶೇಖರನಂತೂ ಫೋನಿಗೆ ಎಚ್ಚರಿಕೆ ಬಂದರೆ ಊಟ ಬಿಟ್ಟು ಏಳುತ್ತಾನೆ. ಗುರು ಒಂದು ಪೆಟ್ಟಿಗೆ ತಂದು ಒಲೆ ಅಟ್ಟದಲ್ಲಿ ಇಡುತ್ತೇನೆ ಎಂದಾಗ ಅವನು ಕೊಟ್ಟ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಇರಬಹುದು, ಇಲ್ಲವೇ ಎಲ್ಲವೂ ಒಂದು ಫೋನಿನಲ್ಲೇ ಇರಬಹುದು. ಹೋಗಿ ನೋಡಿ. ಬಿಸಿಯಲ್ಲಿದ್ದರೆ ಇಂದೇ ಸರಿಯಾಗಿ ಆಫ್ ಮಾಡಿ ತಣ್ಣನೆಯ ಜಾಗಕ್ಕೆ ತನ್ನಿ. ಕೂಗುತ್ತಿದ್ದರೆ ಮಾತ್ರ ಆಫ್ ಮಾಡಬೇಡಿ, ಬಾಯಿ ಮುಚ್ಚಿಸಬೇಡಿ, ಬಲ್ಲವರನ್ನು ಕರೆಯಿರಿ. ನಿಮಗೆ ಬೇಕೇ ಬೇಕಾದ ದನಿ, ಬೇಕೇ ಬೇಕಾದ ಮುಖ ಇನ್ನೊಂದು ಮನೆಯಲ್ಲೂ ಇದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲವೆಂದರೆ ಮುಂದಿನ ಸಲ ಮನೆ ಮಗಳು ತವರಿಗೆ ಬಂದಾಗ ಅವಳನ್ನು ಬರಿಗೈಯಲ್ಲಿ ಕಳಿಸಬೇಡಿ.